ಟ್ರೋಫಿ ಸಾಕು, ಕಾಳಿ ತೀರಕ್ಕೆ ಲೀಗ್ ಬೇಕು!

ಕನ್ನಡದ ಯುವ ಗೆಳೆಯರೇ,

ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೆ ಜೈಕಾರ ಹಾಕಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹಾಕಿ, ತಪ್ಪೇನಿಲ್ಲ. 2013ರಲ್ಲಿ ಹುಟ್ಟಿದ ಆ ತಂಡ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಾಗ ಎದೆಯುಬ್ಬಿಸಿದವರಲ್ಲಿ ನಾವೂ ಇದ್ದೆವು. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂದರೆ ನಿಮಗೆ ನೆನಪಾಗುವುದೇನು? ರಾಫ್ಟಿಂಗು, ರೆಸಾರ್ಟು, ಸಫಾರಿ ಜೀಪು. ಅಷ್ಟೇ ತಾನೆ?

ನೀವು ಶಾಲೆಯಲ್ಲಿ ಬರೆದ ನೋಟುಬುಕ್ಕಿನ ಕಾಗದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಯದಿರಬಹುದು. ನಾಡಿನ ದೀಪ ಉರಿಯಲೆಂದು ಕಾಳಿ ನದಿಗೆ ಅಣೆಕಟ್ಟು ಕಟ್ಟಿದರು. ಸೂಪಾ ಎಂಬ ಊರೇ ನೀರಿನಡಿ ಹೋಯಿತು. ಆ ಸೀಮೆಯವರು ಕಾಡು ಕೊಟ್ಟರು, ನೀರು ಕೊಟ್ಟರು, ಬಿದಿರು ಕೊಟ್ಟರು. ಅವರ ಮಕ್ಕಳಿಗೆ ಆಡಲಿಕ್ಕೆ ನಾವು ಕೊಟ್ಟದ್ದೇನು? ಹೆಚ್ಚೆಂದರೆ ಯಾರದೋ ಹುಟ್ಟುಹಬ್ಬದ ನೆಪದಲ್ಲಿ ಒಂದು ಹೊನಲು ಬೆಳಕಿನ ಟ್ರೋಫಿ!

ಈ ಟ್ರೋಫಿ ಪಂದ್ಯಾವಳಿಗಳ ಲೆಕ್ಕವನ್ನೇ ನೋಡಿ. ಎಂಟು ತಂಡ ಬರುತ್ತವೆ. ಸೋತವರು ಮನೆಗೆ. ಮೊದಲ ದಿನವೇ ನಾಲ್ಕು ತಂಡಗಳ ಕಥೆ ಮುಗಿಯಿತು. ಒಟ್ಟು ಏಳು ಪಂದ್ಯ, ಏಳು ಭಾಷಣ, ನೂರು ಹಾರ. ಗೆಲ್ಲಲೇಬೇಕೆಂಬ ಹಟಕ್ಕೆ ಹೊರಗಿನಿಂದ ಆಟಗಾರರನ್ನು ದುಡ್ಡು ಕೊಟ್ಟು ಕರೆತರುತ್ತಾರೆ. ಊರ ಹುಡುಗ ಗೆರೆಯಾಚೆ ನಿಂತು ನೀರಿನ ಬಾಟಲಿ ಹೊರುತ್ತಾನೆ. ಅದೇ ಎಂಟು ತಂಡಗಳಿಗೆ ಲೀಗ್ ಮಾಡಿ. ಪ್ರತಿ ತಂಡವೂ ಉಳಿದ ಏಳರೊಂದಿಗೆ ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಆಡಲಿ. ಒಬ್ಬೊಬ್ಬರಿಗೆ 14 ಪಂದ್ಯ, ಒಟ್ಟು 56. ಈ ಭಾನುವಾರ ಸೋತವನಿಗೆ ಮುಂದಿನ ಭಾನುವಾರ ಇದೆ. ಸೋತು ಕಲಿಯಲು ಅವಕಾಶವಿಲ್ಲದ ಕಡೆ ಆಟಗಾರ ಎಲ್ಲಿಂದ ಹುಟ್ಟಬೇಕು ಸ್ವಾಮಿ?

ಈ ಸೀಮೆಯ ಕಾಲುಗಳಲ್ಲಿ ಕಸುವಿಲ್ಲವೇ? ಅದನ್ನು ದೆಹಲಿಯೇ ಒಪ್ಪಿಕೊಂಡು ಎಷ್ಟೋ ವರ್ಷವಾಯಿತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿಯ ಸಿದ್ದಿ ಮಕ್ಕಳನ್ನು ಆರಿಸಿ, ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ದಿತು. ಕಮಲಾ ಸಿದ್ದಿಯವರಂಥ ಅಥ್ಲೀಟ್‌ಗಳು ಮೇಲೆ ಬಂದರು. 1993ರಲ್ಲಿ ಆ ಯೋಜನೆಯೇ ನಿಂತುಹೋಯಿತು. ಸ್ಪೈಕ್ ಶೂ ತೊಟ್ಟು ಓಡಿದವರಲ್ಲಿ ಹಲವರು ಮತ್ತೆ ಹೊಲಕ್ಕೆ, ಕೂಲಿಗೆ ಮರಳಿದರು. ಇದರಿಂದ ಕಲಿಯಬೇಕಾದ ಪಾಠ ಒಂದೇ. ಮೇಲಿನಿಂದ ಬಂದ ಯೋಜನೆ ಮಗುವನ್ನು ಊರಿನಿಂದ ಎತ್ತಿಕೊಂಡು ಹೋಗುತ್ತದೆ. ಯೋಜನೆ ಸತ್ತ ದಿನ ಊರಿನಲ್ಲಿ ಏನೂ ಉಳಿಯುವುದಿಲ್ಲ. ಲೀಗ್ ಹಾಗಲ್ಲ. ಅದು ಊರಿನಲ್ಲೇ ಹುಟ್ಟಿ ಊರಿನಲ್ಲೇ ಬೇರು ಬಿಡುತ್ತದೆ.

ಇದು ಕನಸಿನ ಮಾತು ಎನ್ನುವವರಿಗೆ ಮಿಜೋರಾಂ ತೋರಿಸಿ. 2011ರ ಜನಗಣತಿಯಲ್ಲಿ ಆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 10.97 ಲಕ್ಷ. ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯದು 14.37 ಲಕ್ಷ! ಅವರದೂ ಗುಡ್ಡಗಾಡು, ಅವರಿಗೂ ಮಳೆ, ಅವರಿಗೂ ರಾಜಧಾನಿ ದೂರ. 2012ರಲ್ಲಿ ಅವರು ತಮ್ಮದೇ ಮಿಜೋರಾಂ ಪ್ರೀಮಿಯರ್ ಲೀಗ್ ಶುರು ಮಾಡಿದರು. ಮುಂಬೈ ವಾಹಿನಿಗಾಗಿ ಕಾಯಲಿಲ್ಲ. ಜೊನೆಟ್ ಎಂಬ ಸ್ಥಳೀಯ ಮಿಜೋ ಕೇಬಲ್ ವಾಹಿನಿ ಪಂದ್ಯಗಳನ್ನು ಮನೆಮನೆಗೆ ತಲುಪಿಸಿತು. ಐದೇ ವರ್ಷದಲ್ಲಿ, 2017ರಲ್ಲಿ, ಐಜ್ವಾಲ್ ಎಫ್‌ಸಿ ಘಟಾನುಘಟಿಗಳನ್ನು ಹಿಂದಿಕ್ಕಿ ಐ-ಲೀಗ್ ಗೆದ್ದಿತು. ಪಕ್ಕದ ಕೇರಳವೂ ಸುಮ್ಮನೆ ಕೂರಲಿಲ್ಲ. 2024ರಲ್ಲಿ ಸೂಪರ್ ಲೀಗ್ ಕೇರಳ ಆರಂಭಿಸಿ, ಮಲಪ್ಪುರಂ, ಕಣ್ಣೂರು, ತ್ರಿಶ್ಶೂರಿನ ಹೆಸರಲ್ಲಿ ತಂಡ ಕಟ್ಟಿತು.

ನಮ್ಮಲ್ಲಿ? ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದ ನಾಡು ನಮ್ಮದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. 1968-69ರ ನಂತರ ಮುಂದಿನ ಸಂತೋಷ್ ಟ್ರೋಫಿಗೆ 54 ವರ್ಷ ಕಾದೆವು; 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ತಂದೆವು. ಸಂತೋಷ. ಆದರೆ ರಾಜ್ಯದ ಅತ್ಯುನ್ನತ ಲೀಗ್ ಎನ್ನುವ ಸೂಪರ್ ಡಿವಿಜನ್ ಬೆಳೆದದ್ದು ಬೆಂಗಳೂರಿನ ಲೀಗ್ ಆಗಿ. ಅದರ ತಂಡಗಳಲ್ಲಿ ಬಹುಪಾಲು ಇಂದಿಗೂ ಅಲ್ಲಿಯವೇ. ದಾಂಡೇಲಿಯ ಹುಡುಗ ಅದರಲ್ಲಿ ಆಡಬೇಕಾದರೆ ನಾನೂರೈವತ್ತು ಕಿಲೋಮೀಟರ್ ದಾಟಿ ಬಂದು, ಬಾಡಿಗೆ ಕೋಣೆ ಹಿಡಿದು, ನಂತರ ಚೆಂಡು ಮುಟ್ಟಬೇಕು. ಕ್ರಿಕೆಟ್ಟಿನದೂ ಇದೇ ರಾಗ. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗದ ಹೆಸರಿವೆ; ಮೊದಲ ವರ್ಷಗಳ ಆಟ ನಡೆದದ್ದು ಮಾತ್ರ ಬೆಂಗಳೂರು, ಮೈಸೂರಿನಲ್ಲಿ. ಹೆಸರು ನಮ್ಮೂರದು, ಊಟ ಅವರೂರದು!

ಇನ್ನು ಭಾಷೆಯ ಮಾತು. ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಕನ್ನಡದ ಜೊತೆ ಕೊಂಕಣಿ ಇದೆ, ಮರಾಠಿ ಇದೆ, ಉರ್ದು ಇದೆ. ಸಿದ್ದಿಗಳು, ಗೌಳಿಗಳು, ಕುಣಬಿಗಳು ಇದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ಕಾಲೋನಿ ಇದೆ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಚಿನ್ನದ ಟ್ರೋಫಿ ಇಟ್ಟು ಫುಟ್‌ಬಾಲ್ ಆಡುವ ಜನ ಅವರು. ಹಳಿಯಾಳ, ಸೂಪಾಗಳ ಮೇಲೆ ಮಹಾರಾಷ್ಟ್ರ ಹಕ್ಕು ಸಾಧಿಸಲು ಹೊರಟಾಗ ನಾವು ಕೂಗಿದ್ದೇವೆ, ಮುಂದೆಯೂ ಕೂಗುತ್ತೇವೆ. ಆದರೆ ಗೆಳೆಯರೇ, ಗಡಿಯಲ್ಲಿ ಬೋರ್ಡು ನೆಟ್ಟ ಮಾತ್ರಕ್ಕೆ ಕನ್ನಡ ಚಿಗುರುವುದಿಲ್ಲ. ಕನ್ನಡದಿಂದ ಏನು ಸಿಕ್ಕಿತು ಎಂದು ಜೋಯಿಡಾದ ಕುಣಬಿ ಹುಡುಗ ಕೇಳಿದರೆ ಬರೀ ಘೋಷಣೆಯನ್ನು ಉತ್ತರವಾಗಿ ಕೊಡಬೇಡಿ. ಒಂದು ಮೈದಾನದಲ್ಲಿ ಸಿದ್ದಿ ಹುಡುಗ ಪಾಸ್ ಕೊಟ್ಟು, ಟಿಬೆಟಿ ಹುಡುಗ ಹೆಡ್ ಮಾಡಿ, ಮರಾಠಿ ಮನೆಮಾತಿನ ಹುಡುಗ ಗೋಲು ಹೊಡೆದಾಗ, ಮೈಕಿನಲ್ಲಿ ಅದನ್ನು ಕೂಗುವ ಭಾಷೆ ಕನ್ನಡವಾಗಲಿ. ರೆಫರಿಯೊಂದಿಗೆ ಜಗಳವೂ ಕನ್ನಡದಲ್ಲೇ ನಡೆಯಲಿ! ಯಾರ ಮನೆಮಾತನ್ನೂ ಕಿತ್ತುಕೊಳ್ಳದೆ ಎಲ್ಲರನ್ನೂ ಕೂಡಿಸುವ ಭಾಷೆಯೇ ಗೆಲ್ಲುವ ಭಾಷೆ.

ದುಡ್ಡೆಲ್ಲಿದೆ ಎನ್ನುತ್ತೀರಾ? ಒಂದು ಫ್ಲೆಕ್ಸ್ ಹಬ್ಬದ ಖರ್ಚು ಸಾಕು. ಚೆಂಡು, ಸೀಟಿ, ಗೆರೆ ಎಳೆಯಲು ಸುಣ್ಣ, ಗಾಯಕ್ಕೆ ಔಷಧಿ ಪೆಟ್ಟಿಗೆ, ತಂಡಕ್ಕೊಂದು ಟೆಂಪೋ ಬಾಡಿಗೆ. ಜೋಯಿಡಾದ ಮಳೆಗೆ ಯಾವ ಮೈದಾನವೂ ನಿಲ್ಲದು. ಆದ್ದರಿಂದ ಭತ್ತದ ಕೊಯ್ಲು ಮುಗಿದ ಮೇಲೆ, ಡಿಸೆಂಬರಿನಲ್ಲಿ ಆರಂಭಿಸಿ, ಬೇಸಿಗೆ ಸುಡುವ ಮೊದಲು ಮುಗಿಸಬೇಕು. ಭಾನುವಾರದ ಜೊತೆ ಇನ್ನೊಂದಿಷ್ಟು ರಜಾದಿನ ಸೇರಿಸಿದರೆ 14 ಸುತ್ತು ಮುಗಿಯುತ್ತವೆ.

ನೆನಪಿಡಿ, ಯಾವುದೇ ಲೀಗಿನ ಹಣೆಬರಹ ಮೊದಲ ಎರಡು ಮೂರು ವರ್ಷಗಳಲ್ಲೇ ನಿರ್ಧಾರವಾಗುತ್ತದೆ. ಮೊದಲ ವರ್ಷ ಹೊರಗಿನ ಆಟಗಾರರಿಗೆ ಬಾಗಿಲು ತೆರೆದರೆ ಊರ ಹುಡುಗನಿಗೆ ಅದು ಮತ್ತೆ ತೆರೆಯುವುದಿಲ್ಲ. ಮೊದಲ ವರ್ಷ ರಾಜಕಾರಣಿಯ ಹೆಸರಿಟ್ಟರೆ ಚುನಾವಣೆ ಮುಗಿದ ಮೇಲೆ ಲೀಗೂ ಮುಗಿಯುತ್ತದೆ. ಮೊದಲ ವರ್ಷ ಹುಡುಗಿಯರನ್ನು ಹೊರಗಿಟ್ಟರೆ, ಕಮಲಾ ಸಿದ್ದಿ ಬಂದ ನೆಲದಲ್ಲೇ ಅವರು ಹೊರಗುಳಿಯುತ್ತಾರೆ. ಆದ್ದರಿಂದ ಈ ಮೂರನ್ನೂ ಮೊದಲ ದಿನವೇ ಕಾಗದದ ಮೇಲೆ ಬರೆಯಿರಿ: ಆಟಗಾರರು ಈ ನಾಲ್ಕು ತಾಲ್ಲೂಕಿನವರೇ, ಲೀಗಿಗೆ ಯಾವ ನಾಯಕನ ಹೆಸರೂ ಇಲ್ಲ, ಹುಡುಗಿಯರಿಗೂ ಪಂದ್ಯ ಇದೆ.

ನಗರದಲ್ಲಿರುವ ನಿಮಗೂ ಕೆಲಸವಿದೆ. ದಾಂಡೇಲಿಗೆ ರಾಫ್ಟಿಂಗ್‌ಗೆ ಹೋಗುವವರು ಒಂದು ಭಾನುವಾರ ಮೈದಾನದ ಗೆರೆಯ ಪಕ್ಕ ನಿಲ್ಲಿ. ನಿಮ್ಮ ಮೊಬೈಲಿನಲ್ಲಿ ಪಂದ್ಯ ತೋರಿಸಿ, ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಿ, ಅಂಕಪಟ್ಟಿ ಕನ್ನಡದಲ್ಲಿ ಹಾಕಿ. ರೆಫರಿ ಪರೀಕ್ಷೆ ಪಾಸಾದವರಿದ್ದರೆ ಸೀಟಿ ಹಿಡಿದು ಹೋಗಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಬಾಗಿಲು ತಟ್ಟಿ, ಈ ಲೀಗಿನಿಂದ ಮೇಲಿನ ಹಂತಕ್ಕೆ ದಾರಿ ಎಲ್ಲಿ ಎಂದು ಕೇಳಿ. ಒಬ್ಬರು ಕೇಳಿದರೆ ಅರ್ಜಿ, ಸಾವಿರ ಜನ ಕೇಳಿದರೆ ಹಕ್ಕು.

ಕಾಳಿಯ ನೀರು ಕುಡಿದ ಕಾಲುಗಳು ಸಿದ್ಧವಾಗಿವೆ. ಸುಣ್ಣದ ಗೆರೆ ಎಳೆಯಲು ನೀವು ಸಿದ್ಧರೇ?