ಊರಿನ ಆಡಳಿತ ಊರಿಗೆ ಬಂದ ಕಾಲ

ರಾಜ್ಯಗಳ ಚರಿತ್ರೆಯಲ್ಲಿ ಕೆಲವು ಪರಿವರ್ತನೆಗಳು ದುಂದುಭಿ ಬಾರಿಸಿಕೊಂಡು ಬರುತ್ತವೆ. ಮತ್ತೆ ಕೆಲವು ಸದ್ದಿಲ್ಲದೆ ಬಂದು ಸದ್ದಿಲ್ಲದೆಯೇ ಹೊರಟುಹೋಗುತ್ತವೆ. ೧೯೪೭ನೆಯ ಆಗಸ್ಟಿನ ಸ್ವಾತಂತ್ರ್ಯವನ್ನೂ, ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಮೈಸೂರಿಗೆ ದೊರೆತ ಜವಾಬ್ದಾರಿ ಸರ್ಕಾರವನ್ನೂ ಕಣ್ಣಾರೆ ಕಂಡವರು ಹೊಸಕೋಟೆಯ ಸೀಮೆಯಲ್ಲಿ ಈಗ ಬೆರಳೆಣಿಕೆಯ ಮಂದಿ. ಐವತ್ತರ ಗಡಿ ದಾಟಿರುವ ನಮ್ಮ ವಾರಿಗೆಯವರಿಗೆ ಆ ಭಾಗ್ಯವಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ೧೯೮೭ನೆಯ ಜನವರಿ. ಆ ತಿಂಗಳಲ್ಲಿ ಕರ್ನಾಟಕದ ಗ್ರಾಮಾಂತರ ಪ್ರಜೆಗಳು ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದರು. ಸೂಲಿಬೆಲೆಯಂಥ ಹೋಬಳಿ ಕೇಂದ್ರದಲ್ಲಿ ನಿಂತು ನೋಡಿದವರಿಗೆ, ಸ್ವರಾಜ್ಯವೆಂಬ ಮಾತು ಊರ ಬಾಗಿಲಿಗೆ ಬಂದು ನಿಂತದ್ದು ಆಗಲೇ. ಆ ಕಾಲವನ್ನು ಇಂದು ನೆನೆಯುತ್ತಿರುವುದು ಹಳೆಯ ದಿನಗಳ ಮೋಹದಿಂದಲ್ಲ. ಅಂದು ಬಂದದ್ದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಮರೆತ ಜನಕ್ಕೆ ಅದು ಮತ್ತೆ ಮತ್ತೆ ಕೈತಪ್ಪುವುದೆಂಬ ಭಯದಿಂದ.

ಮೈಸೂರು ಸೀಮೆಗೆ ಪ್ರಾತಿನಿಧ್ಯದ ಕಲ್ಪನೆ ಹೊಸದಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿಯೇ, ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತ್ತು. ಆದರೆ ಆ ಸಭೆಯವರಿಗೆ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುವ ಅವಕಾಶವಿತ್ತೇ ಹೊರತು ಮಾಡಿಸುವ ಅಧಿಕಾರವಿರಲಿಲ್ಲ. ವಿಚಿತ್ರವೆಂದರೆ, ಸ್ವಾತಂತ್ರ್ಯ ಬಂದ ಮೇಲೂ ಹಳ್ಳಿಯ ಮಟ್ಟಿಗೆ ಈ ಸ್ಥಿತಿ ಬಹಳವಾಗಿ ಬದಲಾಗಲಿಲ್ಲ. ೧೯೫೯ನೆಯ ಕಾನೂನಿನಂತೆ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಬೋರ್ಡುಗಳೂ ಚುನಾಯಿತವಾದವು, ನಿಜ. ಆದರೆ ಜಿಲ್ಲೆಯ ಮಟ್ಟದಲ್ಲಿದ್ದ ಅಭಿವೃದ್ಧಿ ಮಂಡಲಿಗೆ ಡೆಪ್ಯುಟಿ ಕಮಿಷನರೇ ಅಧ್ಯಕ್ಷರು. ಅದು ಸಲಹೆ ಕೊಡುವ ಕೂಟವಾಗಿತ್ತೇ ವಿನಾ ಆಳುವ ಸಂಸ್ಥೆಯಾಗಿರಲಿಲ್ಲ. ಹಣವೂ ಹುಕುಮೂ ಮೇಲಿನಿಂದ ಇಳಿದು ಬರುತ್ತಿದ್ದವು. ಅರ್ಜಿ ಮಾತ್ರ ಕೆಳಗಿನಿಂದ ಹತ್ತಿ ಹೋಗುತ್ತಿತ್ತು.

ಆ ದಿನಗಳ ಅರ್ಜಿಯ ದಾರಿಯನ್ನು ನಾವು ಬಲ್ಲೆವು. ಕೊಳವೆ ಬಾವಿಯ ಕೈಪಂಪು ಕೆಟ್ಟರೆ ಸೂಲಿಬೆಲೆಯ ಕಡೆಯ ಹಳ್ಳಿಗಳವರು ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸಿಗೆ ಕಾದು, ಹೊಸಕೋಟೆಗೆ ಹೋಗಬೇಕು. ಅಲ್ಲಿ ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆಂದರೆ ಮತ್ತೊಂದು ದಿನ. ಅಲ್ಲಿಯೂ ಆಗದೆಂದರೆ ಬೆಂಗಳೂರು. ಊರಿನಲ್ಲಿ ನಾಲ್ಕಕ್ಷರ ಬಲ್ಲ ಹುಡುಗರೆಂದು ಹಿರಿಯರು ನಮ್ಮಿಂದಲೇ ಎಷ್ಟೋ ಅರ್ಜಿಗಳನ್ನು ಬರೆಸಿದರು. “ತಮ್ಮ ವಿಧೇಯ” ಎಂದು ಮುಗಿಯುತ್ತಿದ್ದ ಆ ಕಾಗದಗಳಲ್ಲಿ ಉತ್ತರ ಬಂದವು ಎಷ್ಟೆಂದು ಎಣಿಸಲು ಎರಡು ಕೈ ಬೇಕಿರಲಿಲ್ಲ. ಗ್ರಾಮ ಪಂಚಾಯಿತಿಯ ಚೇರ್ಮನ್ನರಿಗೆ ಹೇಳಿದರೆ ಅವರೂ ನಿಟ್ಟುಸಿರು ಬಿಡುವರು. ಬೀದಿ ದೀಪ, ಚರಂಡಿ, ಮನೆ ಕಂದಾಯ ಇವುಗಳಾಚೆಗೆ ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಹೀಗಿರಲು ೧೯೮೩ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಗ್ರಾಮೀಣಾಭಿವೃದ್ಧಿಯ ಹೊಣೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರಿಗೆ ಬಂದಿತು. ಹಳ್ಳಿಗಳಿಗೆ ಕೊಳವೆ ಬಾವಿಗಳನ್ನು ಹಾಕಿಸಿದುದರಿಂದ ಜನರು ಅವರನ್ನು “ನೀರ್ ಸಾಬ್” ಎಂದೇ ಕರೆದರು. ಆದರೆ ಅವರು ತೋಡಿದ ಬಾವಿಗಳಲ್ಲಿ ಎಲ್ಲಕ್ಕಿಂತ ಆಳವಾದುದು ೧೯೮೩ನೆಯ ಪಂಚಾಯಿತಿ ಕಾನೂನು. ಮಂಡಲ ಪಂಚಾಯಿತಿಗಳನ್ನು ಏರ್ಪಡಿಸಬೇಕೆಂದು ಅಶೋಕ ಮೆಹತಾ ಸಮಿತಿ ೧೯೭೮ರಲ್ಲಿಯೇ ಶಿಫಾರಸು ಮಾಡಿತ್ತು. ಆ ಶಿಫಾರಸಿನ ಸಾರವನ್ನು ತೆಗೆದುಕೊಂಡು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಎಂಬ ವ್ಯವಸ್ಥೆಯನ್ನು ಈ ಕಾನೂನು ವಿಧಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಲು ೧೯೮೫ರವರೆಗೆ ಕಾಯಬೇಕಾಯಿತು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆ ಬೇರೆಯಾಯಿತು. ಹೊಸಕೋಟೆ ಅದಕ್ಕೆ ಸೇರಿತು. ಮರುವರ್ಷದ ಆರಂಭದಲ್ಲಿಯೇ ಚುನಾವಣೆ.

ಆಗ ನಮಗೆ ಹದಿನೇಳರ ಹರೆಯ. ಪಾಠಶಾಲೆ ಮುಗಿದು ಹೈಸ್ಕೂಲಿನ ಪರೀಕ್ಷೆಯೂ ಕಳೆದಿತ್ತು. ವಿಧಾನಸಭೆಯ ಚುನಾವಣೆಗಳ ಗಲಾಟೆಯನ್ನು ಕಂಡಿದ್ದ ನಮಗೆ ಈ ಚುನಾವಣೆಯ ಬಗೆ ಬೇರೆಯಾಗಿ ತೋರಿತು. ಜೀಪಿನಲ್ಲಿ ಬಂದು ಕೈಮುಗಿದು ಹೋಗುವ ಅಪರಿಚಿತರಲ್ಲ. ಓಟು ಕೇಳಲು ಬಂದವರು ನಮ್ಮ ಹೊಲದ ಬದುವಿನ ಪಕ್ಕದವರು, ನಮ್ಮ ಹಿಪ್ಪುನೇರಳೆ ಸೊಪ್ಪು ಕೊಂಡವರು. ಅವರ ಗುಣವೂ ದೋಷವೂ ಊರಿಗೆಲ್ಲ ಗೊತ್ತು. ಕೈತುಂಬ ಕರಪತ್ರ ಹಂಚಿ ಮುಚ್ಚಿಡುವುದು ಸಾಧ್ಯವಿರಲಿಲ್ಲ. ಚಾವಡಿಯ ಜಗುಲಿಯಲ್ಲಿ ಒಬ್ಬ ಮುದುಕರು, “ಇಷ್ಟು ದಿನ ಓಟು ಹಾಕಿ ಬೆಂಗಳೂರಿಗೆ ಕಳಿಸ್ತಿದ್ದೆವು, ಈಗ ಓಟು ಹಾಕಿ ಇಲ್ಲೇ ಇಟ್ಕೊಳ್ತೀವಿ” ಎಂದುದು ನಮಗೆ ಇಂದಿಗೂ ಕಿವಿಯಲ್ಲಿದೆ. ರಾಜ್ಯಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ಹೇಳುವುದನ್ನು ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಇನ್ನೊಂದು ಹೊಸತೆಂದರೆ ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳ ಮೀಸಲು. ಪರಿಶಿಷ್ಟ ಜಾತಿ ಪಂಗಡಗಳಿಗೆ ನೂರಕ್ಕೆ ಹದಿನೆಂಟಕ್ಕೆ ಕಡಮೆಯಿಲ್ಲದ ಮೀಸಲು. ರಾಜ್ಯದಲ್ಲಿ ಆಯ್ಕೆಯಾದ ೫೫,೦೦೦ಕ್ಕೂ ಮೇಲ್ಪಟ್ಟ ಮಂಡಲ ಸದಸ್ಯರಲ್ಲಿ ಸುಮಾರು ೧೪,೦೦೦ ಮಂದಿ ಹೆಂಗಸರು. ಭಾರತದ ಯಾವ ಪ್ರಾಂತದಲ್ಲಿಯೂ ಅಂದಿನವರೆಗೆ ಇಷ್ಟು ಸ್ತ್ರೀಯರು ಸಾರ್ವಜನಿಕ ಅಧಿಕಾರದ ಪೀಠವನ್ನು ಒಮ್ಮೆಗೇ ಏರಿರಲಿಲ್ಲ. ನಮ್ಮ ಕಡೆಯಲ್ಲಿಯೂ ಇದನ್ನು ನಗೆಮಾತಾಗಿ ಮಾಡಿದವರಿದ್ದರು. ಮೊದಮೊದಲು ಗಂಡನೋ ಮಗನೋ ಸಭೆಯ ಬಾಗಿಲವರೆಗೆ ಬಂದು ಕುಳಿತದ್ದೂ ಉಂಟು. ಆದರೆ ಕುಡಿಯುವ ನೀರಿನ ವಿಷಯ ಬಂದಾಗ ಮಾತನಾಡಿದವರು ನೀರು ಹೊರುವವರೇ. ಗಂಡಸರು ರಸ್ತೆಯ ಮೋರಿಯ ಚರ್ಚೆಯಲ್ಲಿದ್ದಾಗ ಒಬ್ಬ ತಾಯಿ ಎದ್ದು, “ಮೋರಿ ಆಮೇಲೆ ಆಗಲಿ, ನಮ್ಮ ಕೇರಿಯ ಪಂಪಿಗೆ ಮೊದಲು ವಾಷರು ಹಾಕಿಸಿ” ಎಂದುದನ್ನು ನಾವು ಕಿಟಕಿಯ ಬಳಿ ನಿಂತು ಕೇಳಿದೆವು. ಆ ಪಂಪಿಗೆ ಹೊಸಕೋಟೆಯ ಅರ್ಜಿ ಬೇಕಾಗಲಿಲ್ಲ.

ಮಂಡಲದ ಮುಖ್ಯಸ್ಥರಿಗೆ “ಪ್ರಧಾನ”ರೆಂದು ಹೆಸರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯದ ಉಪಮಂತ್ರಿಗಿಂತ ಮೇಲಿನ, ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐ.ಎ.ಎಸ್. ಅಧಿಕಾರಿ ಡೆಪ್ಯುಟಿ ಕಮಿಷನರಿಗಿಂತ ಹಿರಿಯರು. ಅವರು ಜನ ಆರಿಸಿದ ಅಧ್ಯಕ್ಷರ ಕೈಕೆಳಗೆ ಕೆಲಸಮಾಡಬೇಕು. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಹುದ್ದೆಗೆ ಇದೊಂದು ದೊಡ್ಡ ಪಲ್ಲಟ. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ವ್ಯವಸಾಯ, ಪಶುವೈದ್ಯ ಮೊದಲಾದ ಇಲಾಖೆಗಳ ಜಿಲ್ಲೆಯ ಕಾರ್ಯಗಳು ಪರಿಷತ್ತಿನ ಅಧೀನಕ್ಕೆ ಬಂದವು. ಮೇಷ್ಟರು ಶಾಲೆಗೆ ಬಾರದಿದ್ದರೆ ಅದು ದೂರದ ಕಚೇರಿಯ ಗುಟ್ಟಾಗಿ ಉಳಿಯದೆ, ಮಂಡಲದ ಸಭೆಯಲ್ಲಿ ಹೆಸರು ಹಿಡಿದು ಕೇಳುವ ಮಾತಾಯಿತು. ಮೇಷ್ಟರುಗಳ, ವೈದ್ಯರ ಹಾಜರಿ ಸುಧಾರಿಸಿತೆಂದು ಆ ಪ್ರಯೋಗವನ್ನು ಅಧ್ಯಯನ ಮಾಡಿದ ವಿದ್ವಾಂಸರೂ ಬರೆದಿದ್ದಾರೆ.

ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಭೂಮಿಯುಳ್ಳ ಪ್ರಬಲ ಜಾತಿಗಳವರೇ ಬಹುಪಾಲು ಸ್ಥಾನಗಳನ್ನು ಹಿಡಿದರು. ಗುತ್ತಿಗೆಯ ಹಣದಲ್ಲಿ ಕೈಯಾಡಿಸಿದವರಿದ್ದರು. ಪಕ್ಷದ ಜಗಳ ಊರಿನ ಜಾತ್ರೆಗೂ ಮದುವೆ ಮನೆಗೂ ನುಸುಳಿತು. ಮಂಡಲಕ್ಕೆ ಸ್ವಂತ ವರಮಾನ ಅಲ್ಪ; ಮೇಲಿನಿಂದ ಬಂದ ಹಣದಲ್ಲಿ ಬಹುಭಾಗ ಇಂಥ ಯೋಜನೆಗೆಂದು ಮೊದಲೇ ಮುದ್ರೆಯೊತ್ತಿ ಬಂದದ್ದು. ಇವೆಲ್ಲ ಸತ್ಯ. ಆದರೆ ವಿಧಾನಸೌಧದಲ್ಲಿ ಹಣ ಪೋಲಾದರೆ ಸೂಲಿಬೆಲೆಯವನಿಗೆ ತಿಳಿಯುವುದು ಪತ್ರಿಕೆಯಿಂದ. ಮಂಡಲದಲ್ಲಿ ಪೋಲಾದರೆ ಮರುದಿನ ಬೆಳಗ್ಗೆ ಹೋಟೆಲಿನ ಕಾಫಿಯೊಂದಿಗೆ. ಕಳ್ಳತನ ಕಾಣುವ ಕಡೆ ಕಳ್ಳನಿಗೆ ಅಂಜಿಕೆಯಿರುತ್ತದೆ. ಈ ಒಂದು ಗುಣಕ್ಕಾಗಿಯೇ ಆ ವ್ಯವಸ್ಥೆಯನ್ನು ಉಳಿಸಿ ತಿದ್ದಬೇಕಾಗಿತ್ತು.

ಆದುದು ಬೇರೆ. ಹೆಗಡೆಯವರು ೧೯೮೮ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ನಜೀರ್ ಸಾಬರು ಅದೇ ವರ್ಷ ತೀರಿಕೊಂಡರು. ೧೯೮೯ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ಕೇಂದ್ರವು ವಜಾ ಮಾಡಿತು. ಆ ವರ್ಷದ ಕೊನೆಯ ಚುನಾವಣೆಯಲ್ಲಿ ಪಕ್ಷವೂ ಬದಲಾಯಿತು. ಹೊಸಬರಿಗೆ ಹಳಬರ ಕೂಸಿನ ಮೇಲೆ ಮಮತೆಯಿರಲಿಲ್ಲ. ಪಕ್ಷ ಯಾವುದೇ ಇರಲಿ, ತಮ್ಮ ಕ್ಷೇತ್ರದಲ್ಲಿ ಮತ್ತೊಬ್ಬ ನಾಯಕ ಏಳುವುದನ್ನು ಶಾಸಕರು ಸಹಿಸುವುದು ಅಪರೂಪ. ೧೯೯೨ರ ಆರಂಭದಲ್ಲಿ ಪರಿಷತ್ತುಗಳ ಅವಧಿ ತೀರಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಗ್ರಾಮ ಪಂಚಾಯಿತಿಗಳಿಗೆ ಪುನಃ ಚುನಾವಣೆ ನಡೆದುದು ೧೯೯೩ರ ಕೊನೆಯಲ್ಲಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ೧೯೯೫ರಲ್ಲಿ.

ಈ ಘಟ್ಟದ ನೆನಪೇ ನಮ್ಮನ್ನು ಹೆಚ್ಚಾಗಿ ಕಾಡುವುದು. ೧೯೮೭ರಲ್ಲಿ ಅಧಿಕಾರ ಬಂದಾಗ ತಮಟೆ ಬಾರಿಸಿದ್ದೆವು. ೧೯೯೨ರಲ್ಲಿ ಅದು ಹೋದಾಗ ಸೂಲಿಬೆಲೆಯಲ್ಲಿ ಒಂದು ಸಭೆಯನ್ನೂ ನಾವು ಕಾಣಲಿಲ್ಲ. ಒಂದು ಅಂಗಡಿಯ ಬಾಗಿಲೂ ಮುಚ್ಚಲಿಲ್ಲ. ಯಾರೂ ಕಾನೂನನ್ನು ಹರಿದು ಬಿಸಾಡಲಿಲ್ಲ. ಸದಸ್ಯರನ್ನು ಸೆರೆಗೆ ಒಯ್ಯಲಿಲ್ಲ. “ಸದ್ಯಕ್ಕೆ ಚುನಾವಣೆ ಮುಂದಕ್ಕೆ” ಎಂದರು, ಅಷ್ಟೆ. ಪ್ರಜೆಗಳು ಮತ್ತೆ ಬಿಳಿ ಕಾಗದ ತೆಗೆದು “ತಮ್ಮ ವಿಧೇಯ” ಎಂದು ಬರೆಯತೊಡಗಿದರು. ಸ್ವಾತಂತ್ರ್ಯವನ್ನು ಕಸಿದುಕೊಳ್ಳಲು ಫಿರಂಗಿ ಬೇಕಿಲ್ಲ, ತಾರೀಖನ್ನು ಮುಂದೂಡಿದರೆ ಸಾಕು ಎಂಬುದನ್ನು ನಾವು ಕಲಿತದ್ದು ಆ ವರ್ಷ.

ಇಂಥ ಅನುಭವಗಳನ್ನು ಕಂಡೇ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ಪಂಚಾಯಿತಿಯ ಅವಧಿ ಐದು ವರ್ಷ. ಅದು ತೀರುವ ಮೊದಲೇ ಚುನಾವಣೆ ಮುಗಿಯತಕ್ಕದ್ದು ಎಂದು ೨೪೩-ಇ ವಿಧಿ ಸ್ಪಷ್ಟವಾಗಿ ವಿಧಿಸುತ್ತದೆ. ಅಹಮದಾಬಾದ್ ನಗರಾಡಳಿತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೦೬ರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸಬೇಕೆಂಬುದನ್ನು ಎತ್ತಿಹಿಡಿಯಿತು. ಕರ್ನಾಟಕವು ೨೦೧೦ರಲ್ಲಿ ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿತು. ಕಾಗದದ ಮೇಲೆ ಕೋಟೆ ಭದ್ರವಾಗಿತ್ತು. ಆದರೂ ೨೦೧೬ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿದಾಗ, ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ಕಾರಣಗಳ ಸರಪಳಿಯಲ್ಲಿ ೨೦೨೨, ೨೦೨೩, ೨೦೨೪ ಕಳೆದುಹೋದವು. ಈ ನಡುವೆ ಒಂದು ಪಕ್ಷ ಹೋಗಿ ಮತ್ತೊಂದು ಬಂದಿತು. ಚುನಾವಣೆ ಮಾತ್ರ ಬರಲಿಲ್ಲ. ಆದಕಾರಣ ಇದನ್ನು ಒಂದು ಪಕ್ಷದ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

“ಚುನಾವಣೆಯಿಲ್ಲದಿದ್ದರೂ ಕೆಲಸ ನಿಂತಿಲ್ಲವಲ್ಲ” ಎಂದು ಅಧಿಕಾರಿವರ್ಗದ ಮಿತ್ರರು ಕೇಳಬಹುದು. ಅವರಲ್ಲಿ ದಕ್ಷರೂ ಪ್ರಾಮಾಣಿಕರೂ ಅನೇಕರಿದ್ದಾರೆ. ಆದರೆ ಕೆಲಸ ಆಗುವುದೂ, ಯಾವ ಕೆಲಸ ಆಗಬೇಕೆಂದು ಜನ ನಿರ್ಣಯಿಸುವುದೂ ಒಂದೇ ಅಲ್ಲ. ಸೂಲಿಬೆಲೆಯ ಇಂದಿನ ಸ್ಥಿತಿಯನ್ನೇ ನೋಡಿರಿ. ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ಹೆದ್ದಾರಿ ನಮ್ಮ ಮಗ್ಗುಲಲ್ಲಿಯೇ ಹಾದುಹೋಗಿದೆ. ರಾಗಿ ಬೆಳೆದ ಹೊಲಕ್ಕೂ ದ್ರಾಕ್ಷಿಯ ತೋಟಕ್ಕೂ ಕೊಳ್ಳುವವರು ಕಾರಿನಲ್ಲಿ ಬರುತ್ತಾರೆ. ಯಾವ ಕೆರೆಯ ಕಾಲುವೆ ಉಳಿಯಬೇಕು, ಬಡಾವಣೆಗಳ ಕೊಳಚೆ ಎಲ್ಲಿಗೆ ಹರಿಯಬೇಕು, ಗೋಮಾಳ ಯಾರ ಪಾಲಾಗಬೇಕು ಎಂಬ ಪ್ರಶ್ನೆಗಳು ಈ ಸೀಮೆಯ ಮುಂದಿನ ನೂರು ವರ್ಷವನ್ನು ನಿಶ್ಚಯಿಸುವಂಥವು. ಇಂಥ ಕಾಲದಲ್ಲಿ ಜಿಲ್ಲೆಯ, ತಾಲ್ಲೂಕಿನ ಪೀಠಗಳು ವರ್ಷಗಟ್ಟಲೆ ಬರಿದಾಗಿದ್ದವೆಂದರೆ, ರೈತ ಯಾರ ಬಾಗಿಲನ್ನು ತಟ್ಟಬೇಕಾಗಿತ್ತು? ವರ್ಗವಾಗಿ ಹೋಗುವ ಅಧಿಕಾರಿಗೆ ಈ ಊರಿನಲ್ಲಿ ಮುಖ ತೋರಿಸಬೇಕಾದ ನಾಳೆಯಿಲ್ಲ. ಊರಿನ ಪ್ರತಿನಿಧಿಗೆ ಇದೆ.

ನಮ್ಮ ಅಭಿಪ್ರಾಯದಲ್ಲಿ ಮೂರು ಕಾರ್ಯಗಳು ಅಗತ್ಯ. ಕ್ಷೇತ್ರ ವಿಂಗಡಣೆಯನ್ನೂ ಮೀಸಲು ಪಟ್ಟಿಯನ್ನೂ ಅವಧಿ ತೀರುವುದಕ್ಕೆ ಒಂದು ವರ್ಷ ಮೊದಲೇ ಮುಗಿಸಬೇಕು. ಮುಗಿಯದಿದ್ದರೆ ಹಳೆಯ ಪಟ್ಟಿಯಂತೆಯೇ ಚುನಾವಣೆ ನಡೆಯುವಂತೆ ಕಾನೂನಾಗಬೇಕು. ಈ ಕಾರ್ಯ ಸರ್ಕಾರದ ಮರ್ಜಿಗೆ ಬಿಡದೆ ಚುನಾವಣಾ ಆಯೋಗದ ಕೈಗೇ ಮರಳಬೇಕು. ಆಡಳಿತಾಧಿಕಾರಿಯ ನೇಮಕ ಅನಿವಾರ್ಯವಾದರೆ ಅದು ಆರು ತಿಂಗಳನ್ನು ಮೀರಬಾರದು.

ಇವು ಸರ್ಕಾರದವರು ಮಾಡಬೇಕಾದವು. ನಮ್ಮ ವಾರಿಗೆಯವರು ಮಾಡಬೇಕಾದುದು ಇನ್ನೊಂದಿದೆ. ಮೂವತ್ತು ವರ್ಷದೊಳಗಿನ ತರುಣರಿಗೆ ೧೯೮೭ರ ವಿಷಯ ತಿಳಿಯದು. ಪರಿಷತ್ತಿನ ಅಧ್ಯಕ್ಷರ ಮುಂದೆ ಹಿರಿಯ ಅಧಿಕಾರಿ ಕಡತ ಹಿಡಿದು ನಿಂತಿದ್ದರೆಂದರೆ ಅವರು ನಂಬಲಾರರು. ಕಂಡದ್ದನ್ನು ಕಂಡವರು ಹೇಳದೆ ಹೋದರೆ, ಅರ್ಜಿ ಬರೆಯುವುದೇ ಪ್ರಜೆಯ ಧರ್ಮವೆಂದು ಅವರು ತಿಳಿದಾರು. ಅಂದು ಆರಿಸಿಬಂದ ಪ್ರಧಾನರು, ಸದಸ್ಯರು, ಮುಖ್ಯವಾಗಿ ಆ ತಾಯಂದಿರು, ಇನ್ನೂ ಅನೇಕರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಗ್ರಾಮಸಭೆಗಳಲ್ಲಿ ಅವರನ್ನು ಮುಂದೆ ಕೂರಿಸಿ ಮಾತನಾಡಿಸಲಿ. ಮುಂದಿನ ಸಲ ಯಾರಾದರೂ “ಸದ್ಯಕ್ಕೆ ಮುಂದಕ್ಕೆ” ಎಂದಾಗ, ಆ ಮಾತಿನ ಬೆಲೆಯೆಷ್ಟೆಂದು ಬಲ್ಲ ಜನ ಊರೂರಿನಲ್ಲಿಯೂ ಇರಬೇಕು.