ಔಷಧದಾನವೂ ಪ್ರಮಾದವೂ

ಮನೆಯ ನಾಯಿ ಸತ್ತಾಗ ಶ್ರಾವಕರ ಮನೆಗಳಲ್ಲಿ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: “ಅದರ ಆಯುಃಕರ್ಮ ಅಷ್ಟಿತ್ತು.” ಮುಪ್ಪಿನಿಂದ ಸತ್ತರೂ ಅದೇ ಮಾತು. ಬೆಳಿಗ್ಗೆ ಬಾಗಿಲಲ್ಲಿ ಆಡುತ್ತಿದ್ದ ಪ್ರಾಣಿ ಮಧ್ಯಾಹ್ನ ಇಂಜೆಕ್ಷನ್ ಹಾಕಿಸಿಕೊಂಡು, ರಾತ್ರಿ ಜೊಲ್ಲು ಸುರಿಸುತ್ತ, ಕಣ್ಣು ಕಾಣದೆ ಗೋಡೆಗೆ ತಲೆ ಹಾಯಿಸುತ್ತ ಪ್ರಾಣ ಬಿಟ್ಟರೂ ಅದೇ ಮಾತು. ಮೊದಲನೆಯ ಸಾವಿಗೆ ಆ ಸಮಾಧಾನ ಸಲ್ಲುತ್ತದೆ. ಎರಡನೆಯದಕ್ಕೆ ಸಲ್ಲುತ್ತದೆಯೇ? ಸಲ್ಲುತ್ತದೆ ಎನ್ನುವವರು ಕರ್ಮಸಿದ್ಧಾಂತವನ್ನು ಅರ್ಧ ಮಾತ್ರ ಓದಿದವರು.

ಮಂಡ್ಯ ನಗರದೊಳಗೆ ಸೇರಿಹೋಗಿರುವ ಗುತ್ತಲಿನಂಥ ಬಡಾವಣೆಗಳನ್ನು ತೆಗೆದುಕೊಳ್ಳಬಹುದು. ಸುತ್ತಲಿನ ಜಿಲ್ಲೆ ಹಸು ಸಾಕುವ ಜಿಲ್ಲೆ. ಮಳವಳ್ಳಿ ಸೀಮೆಯ ಬಂಡೂರು ಕುರಿ ನಾಡಿಗೇ ಹೆಸರಾದದ್ದು. ಕುರಿ ದನಗಳ ಹುಳುವಿಗೂ ಕಜ್ಜಿಗೂ ಐವರ್‌ಮೆಕ್ಟಿನ್ ಎಂಬ ಮದ್ದು ಇಂಥ ಊರುಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಮದ್ದು ಕೆಟ್ಟದ್ದಲ್ಲ, ಅದನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವೇ ಸಂದಿದೆ. ಆದರೆ ದನಗಳಿಗೆಂದು ತಯಾರಾದ ಸೀಸೆಯಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಮದ್ದಿರುತ್ತದೆ. 50 ಕಿಲೋ ತೂಕಕ್ಕೆ 1 ಮಿಲಿಲೀಟರು ಎಂಬುದು ಅದರ ಲೆಕ್ಕ. ಅದೇ ಲೆಕ್ಕದಲ್ಲಿ 10 ಕಿಲೋ ತೂಗುವ ನಾಯಿಗೆ ಬರುವುದು 0.2 ಮಿಲಿಲೀಟರು. ಕುರಿಗೆ ಚುಚ್ಚಿ ರೂಢಿಯಾದ ಕೈ ಕಣ್ಣಂದಾಜಿನಲ್ಲಿ ಸಿರಿಂಜು ಎಳೆದರೆ ಐದು ಪಟ್ಟು ಮದ್ದು ನಾಯಿಯ ಮೈಸೇರುವುದಕ್ಕೆ ಎಷ್ಟು ಹೊತ್ತು ಬೇಕು?

ಇನ್ನೂ ಭಯಂಕರವಾದ ಸಂಗತಿಯೆಂದರೆ, ಅನೇಕ ನಾಯಿಗಳು ಆ ಐದು ಪಟ್ಟನ್ನೂ ತಾಳಿಕೊಳ್ಳುತ್ತವೆ. ಹತ್ತು ನಾಯಿ ಬದುಕಿದ್ದರಿಂದಲೇ ಆ ಕೈಗೆ ಧೈರ್ಯ ಬರುತ್ತದೆ. ಹನ್ನೊಂದನೆಯದು ಬೇರೆ ತಳಿಯ ರಕ್ತದ್ದಾಗಿರುತ್ತದೆ. ಕಾಲಿ ಎಂಬ ಕುರಿ ಕಾಯುವ ತಳಿಯಲ್ಲಿಯೂ ಅದರ ಬಳಗದ ಕೆಲವು ತಳಿಗಳಲ್ಲಿಯೂ, ಮದ್ದನ್ನು ಮೆದುಳಿನಿಂದ ಹೊರಗೆ ತಳ್ಳುವ ಕಾವಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಈ ದೋಷವಿರುವ ಜೀನ್ ಯಾವುದೆಂಬುದನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2001ರಲ್ಲಿ ತೋರಿಸಿಕೊಟ್ಟರು. ಅಂಥ ನಾಯಿಗೆ ಐದು ಪಟ್ಟಲ್ಲ, ದನದ ಲೆಕ್ಕದ ಸರಿಯಾದ ಪ್ರಮಾಣವೂ ವಿಷವಾಗಬಲ್ಲುದು. ಜರ್ಮನ್ ಷೆಫರ್ಡ್ ನಾಯಿಗಳಲ್ಲಿಯೂ ಕೆಲವಕ್ಕೆ ಈ ದೋಷವಿದೆ. ಬೆರಕೆ ನಾಯಿಯ ಮುಖ ನೋಡಿ ಅದರ ಅಜ್ಜಿ ಯಾರೆಂದು ಹೇಳಲಾಗದು. ವಿಷವೇರಿದ ಮೇಲೆ ಇದಕ್ಕೆ ನೇರವಾದ ಪ್ರತಿಮದ್ದಿಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಗ್ಲೂಕೋಸು ಕೊಟ್ಟು, ಮಗ್ಗುಲು ಬದಲಿಸಿ, ಉಸಿರು ಕಾಯ್ದುಕೊಂಡರೆ ಉಳಿಯುವ ನಾಯಿಗಳುಂಟು. ಆದರೆ ಏನು ಕೊಟ್ಟರು, ಎಷ್ಟು ಕೊಟ್ಟರು ಎಂಬುದೇ ತಿಳಿಯದ ಮನೆಯವರು ಮುಂದಿನ ವೈದ್ಯನಿಗೆ ಹೇಳುವುದಾದರೂ ಏನನ್ನು? “ಏನೋ ಒಂದು ಇಂಜೆಕ್ಷನ್ ಹಾಕಿದರು” ಎಂಬ ಉತ್ತರದಲ್ಲಿಯೇ ಪ್ರಾಣಿ ಅರ್ಧ ಸತ್ತಿರುತ್ತದೆ.

ಇಲ್ಲಿ ಕರ್ಮದ ಮಾತಿಗೆ ಬರಬೇಕು. ಸತ್ತ ಜೀವಿಯ ಆಯುಃಕರ್ಮ ಅದರದು. ಅದಕ್ಕೆ ನಿಮಿತ್ತನಾದವನ ಕರ್ಮ ಅವನದು. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಕೇಡಾಗುವುದನ್ನೇ ಆಚಾರ್ಯರು ಹಿಂಸೆಯೆಂದು ಕರೆದಿದ್ದಾರೆ. ಕೊಲ್ಲುವ ಇಚ್ಛೆ ಇರಲಿಲ್ಲ ಎಂಬ ಒಂದೇ ಸಮಜಾಯಿಷಿ ಅಲ್ಲಿ ಸಾಲದು. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಯಲ್ಲಿ, ಕಾಣದ ಸೂಕ್ಷ್ಮಜೀವಿಗಾಗಿ ಅಷ್ಟು ಎಚ್ಚರವಿರುವಲ್ಲಿ, ಕಣ್ಣೆದುರಿಗೆ ಬಾಲವಾಡಿಸುವ ಪಂಚೇಂದ್ರಿಯ ಜೀವಿಗೆ ಚುಚ್ಚುವ ಸೀಸೆಯ ಮೇಲಿನ ಹೆಸರನ್ನು ಓದುವಷ್ಟು ಎಚ್ಚರವೂ ಇಲ್ಲವೆಂದರೆ ಏನೆನ್ನಬೇಕು?

ಜೀವಂಧರನ ಕಥೆಯನ್ನು ಬಲ್ಲವರು ಒಂದು ಆಕ್ಷೇಪವೆತ್ತಬಹುದು. 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ಹೇಳಿದ ಆ ಕಥೆಯಲ್ಲಿ, ಹೊಡೆತ ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರ ಪಂಚನಮಸ್ಕಾರವನ್ನು ಉಸುರುತ್ತಾನೆ. ನಾಯಿ ಯಕ್ಷನಾಗಿ ಹುಟ್ಟಿ ಅವನ ಉಪಕಾರ ನೆನೆಯುತ್ತದೆ. ಕಡೆಗಾಲದಲ್ಲಿ ಮಂತ್ರ ಕೇಳಿಸಿದೆವಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಆದರೆ ಆ ನಾಯಿಯನ್ನು ಹೊಡೆದವನು ಜೀವಂಧರನಲ್ಲ. ಹೊಡೆದ ಕೈಯೇ ಮಂತ್ರ ಹೇಳಿದರೆ ಅದು ಬೇರೆಯ ಕಥೆಯಾಗುತ್ತದೆ.

ಹಾಗಾದರೆ ಮದ್ದೇ ಬೇಡವೆಂದು ಕೈಕಟ್ಟಿ ಕೂರಬೇಕೆ? ಅದೂ ಸೋಗು. ಉಣ್ಣಿಜ್ವರ ಬಂದ ನಾಯಿಗೆ ಅರಿಸಿನ ಹಚ್ಚಿ ಕುಳಿತರೆ ಅದು ಅಹಿಂಸೆಯಾಗುವುದಿಲ್ಲ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದಾಗಿ ನಿಂತಿರುವುದು ಸುಮ್ಮನೆ ಅಲ್ಲ. ಪ್ರತಿಯೊಂದು ಸಾವನ್ನೂ ವೈದ್ಯನ ತಲೆಗೆ ಕಟ್ಟುವುದೂ ನ್ಯಾಯವಲ್ಲ: ಸರಿಯಾದ ಮದ್ದನ್ನು ಸರಿಯಾದ ಅಳತೆಯಲ್ಲಿ ಕೊಟ್ಟಾಗಲೂ ಯಾರೂ ಮುಂಗಾಣಲಾರದಂತೆ ಮೈ ತಿರುಗಿಬೀಳುವುದುಂಟು. ಗ್ರೇಹೌಂಡಿನಂಥ ಕೃಶಕಾಯದ ಬೇಟೆನಾಯಿಗಳು ಥಯೋಪೆಂಟೋನ್ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತವೆ. ಮುಧೋಳದ ನಾಯಿಯೂ ಅದೇ ಮೈಕಟ್ಟಿನದು. ಇವೆಲ್ಲ ಬಲ್ಲವರಿಗೆ ತಿಳಿದದ್ದು ಹೇಗೆ? ಸತ್ತ ನಾಯಿಯನ್ನು ಹೂಳುವ ಮುನ್ನ ಯಾರೋ ಬರೆದಿಟ್ಟಿದ್ದರಿಂದ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ಕಾರ್ಪ್ರೊಫೆನ್ ಎಂಬ ಕೀಲುನೋವಿನ ಮಾತ್ರೆ ಅಮೆರಿಕದಲ್ಲಿ 1997ರಲ್ಲಿ ನಾಯಿಗಳಿಗೆಂದು ಬಂದಿತು. ಮರುವರ್ಷವೇ ಪಿತ್ತಜನಕಾಂಗ ಕೆಟ್ಟ 21 ನಾಯಿಗಳ ವೃತ್ತಾಂತವನ್ನು ಪಶುವೈದ್ಯರು ಪ್ರಕಟಿಸಿದರು. ಅವುಗಳಲ್ಲಿ 13 ಲ್ಯಾಬ್ರಡಾರ್ ತಳಿಯವು. ನಾಯಿ ಕಳೆದುಕೊಂಡವರೂ ಸುಮ್ಮನಿರಲಿಲ್ಲ. ಯಾವ ಲಕ್ಷಣ ಕಂಡರೆ ಮಾತ್ರೆ ನಿಲ್ಲಿಸಬೇಕೆಂಬ ತಿಳಿವಳಿಕೆಯ ಹಾಳೆಯನ್ನು ಮಾತ್ರೆಯ ಜೊತೆಗೆ ಮನೆಯವರ ಕೈಗೆ ಕೊಡುವ ಕ್ರಮ ಅಲ್ಲಿಂದ ಬಂತು. ಮಾತ್ರೆ ಇಂದಿಗೂ ಬಳಕೆಯಲ್ಲಿದೆ, ನೋವಿನ ನಾಯಿಗಳಿಗೆ ಉಪಕಾರವನ್ನೂ ಮಾಡುತ್ತಿದೆ. ಮಂಡ್ಯದ ನೆರೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ರಾಮನಗರದ ರಾಮದೇವರಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೆ ಧಾಮವಾಯಿತು. ಆ ಹಕ್ಕಿಗಳ ಕುಲ ದೇಶದಾದ್ಯಂತ ಕ್ಷೀಣಿಸಿದ್ದು ಹಸುವಿನ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕಿನಿಂದ. ಆ ಹಸುವಿನ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಹದ್ದುಗಳನ್ನು ಎಣಿಸಿದವರು, ಸತ್ತವನ್ನು ಕೊಯ್ದು ನೋಡಿದವರು ಇದ್ದರು. ಆದಕಾರಣ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಮದ್ದಿಗೆ ನಿಷೇಧ ಬಂದಿತು.

ಗುತ್ತಲಿನ ಹಿತ್ತಲಲ್ಲಿ ಹೂಳಿದ ನಾಯಿಯನ್ನು ಯಾರು ಎಣಿಸಿದರು? ಮನುಷ್ಯರ ಔಷಧಗಳ ದುಷ್ಪರಿಣಾಮವನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲಿ ಆರಂಭವಾಯಿತು. ಆ ರೂಢಿ ಊರಿನ ಪಶುಚಿಕಿತ್ಸೆಯ ಮನೆಬಾಗಿಲವರೆಗೆ ಇಳಿದುಬಂದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ನೋಂದಾಯಿತರಲ್ಲದವರು ಪಶುವೈದ್ಯವೃತ್ತಿ ನಡೆಸಕೂಡದೆನ್ನುತ್ತದೆ. ಕೇಳುವವರಿಲ್ಲದ ಕಡೆ ಕಾಯಿದೆ ಕಪಾಟಿನಲ್ಲಿರುತ್ತದೆ. ಕೇಳಬೇಕಾದವರು ಯಾರು? ಪ್ರಾಣಿಯನ್ನು ಮಗುವಿನಂತೆ ಸಾಕಿದವರು. ದಯೆಯ ಹೆಸರಿನಲ್ಲಿ ಹಣ ಕೊಡುವವರು.

ಬಸದಿಗಳ ಟ್ರಸ್ಟಿಗಳಿಗೆ ಈ ಮಾತು ಕಹಿಯೆನಿಸಬಹುದು. ದಯಾಧರ್ಮದ ಹೆಸರಿನಲ್ಲಿ ಪಶುಚಿಕಿತ್ಸಾ ಶಿಬಿರ ನಡೆಸುವುದೂ, ಔಷಧ ಕೊಳ್ಳಲು ಹಣ ಕೊಡುವುದೂ ಸ್ತುತ್ಯವೇ. ಆದರೆ ಶಿಬಿರದ ವರದಿಯಲ್ಲಿ ಎಷ್ಟು ಪ್ರಾಣಿಗಳಿಗೆ ಚಿಕಿತ್ಸೆಯಾಯಿತು ಎಂಬ ಅಂಕೆ ಮಾತ್ರವಿದ್ದು, ಮರುದಿನ ಎಷ್ಟು ನೆಟ್ಟಗೆ ಎದ್ದು ನಿಂತವು ಎಂಬ ಅಂಕೆ ಇಲ್ಲದಿದ್ದರೆ ಅದು ಔಷಧದಾನದ ಲೆಕ್ಕವಲ್ಲ, ಫೋಟೋದ ಲೆಕ್ಕ. ಉಳಿದ ಮದ್ದಿನ ಸೀಸೆಗಳನ್ನು ಸ್ವಯಂಸೇವಕರು ಮನೆಗೊಯ್ದು ಕಂಡ ನಾಯಿಗೆ ಚುಚ್ಚುವುದಂತೂ ಖಂಡನೀಯ. ಹಣ ಕೊಡುವ ಮುನ್ನ ಟ್ರಸ್ಟು ಒಂದು ಪುಸ್ತಕ ಕೊಡಲಿ. ಪ್ರಾಣಿಯ ತೂಕ, ಮದ್ದಿನ ಹೆಸರು, ಅಳತೆ, ಸೀಸೆಯ ಬ್ಯಾಚ್ ಸಂಖ್ಯೆ, ಚುಚ್ಚಿದ ವೈದ್ಯರ ಸಹಿ ಅದರಲ್ಲಿರಲಿ. ಅದರ ಪ್ರತಿಯೊಂದು ಚೀಟಿಯಲ್ಲಿ ಮನೆಯವರ ಕೈ ಸೇರಲಿ. ಮೂರನೆಯ ದಿನ ಯಾರಾದರೂ ಆ ಮನೆಗಳಿಗೆ ಹೋಗಿ ವಿಚಾರಿಸಲಿ. ಸತ್ತಿದ್ದರೆ ‘ಸತ್ತಿತು’ ಎಂದೇ ಬರೆಯಲಿ. ಮರುವರ್ಷ ಶಿಬಿರಕ್ಕೆ ಹಣ ಕೇಳಿಕೊಂಡು ಬಂದವರ ಮುಂದೆ ಮೊದಲು ಆ ಪುಸ್ತಕವನ್ನು ತೆರೆಯಬೇಕು.