ಹುಣಸೆ ಬೀಜ ಹೇಳುವ ಹಾವಿನ ಬಣ್ಣ

ಮಕ್ಕಳೇ, ಆಫ್ರಿಕಾದ ಘಾನಾ, ಟೋಗೊ, ಬೆನಿನ್ ದೇಶಗಳಲ್ಲಿ ಒಂದು ಪುಟ್ಟ ಹೆಬ್ಬಾವು ಇದೆ. ಉದ್ದ ಮೂರರಿಂದ ಐದು ಅಡಿ. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟು ಮೈಯನ್ನು ಚೆಂಡಿನಂತೆ ಸುತ್ತಿಕೊಂಡುಬಿಡುತ್ತದೆ. ಅದಕ್ಕೇ ಅದರ ಹೆಸರು ಬಾಲ್ ಪೈಥಾನ್.

ಅದರ ಮಾಮೂಲಿ ಬಣ್ಣ ಕಪ್ಪುಗಂದು, ಮೇಲೆ ಹೊಂಬಣ್ಣದ ಮಚ್ಚೆ. ಒಣಹುಲ್ಲಿನ ನಡುವೆ ಅಡಗಲು ಹೇಳಿಮಾಡಿಸಿದ ಬಣ್ಣ! ಆದರೆ ಅಪರೂಪಕ್ಕೊಮ್ಮೆ ಬೇರೆ ಬಣ್ಣದ ಮರಿ ಹುಟ್ಟುತ್ತದೆ. ಹಾವು ಸಾಕುವವರು ಇಂಥ ಬಣ್ಣಗಳನ್ನು ‘ಮಾರ್ಫ್’ ಎಂದು ಕರೆಯುತ್ತಾರೆ.

ಗುರುತಿಸುವುದು ಹೇಗೆ? ಮೈಯ ಜೊತೆಗೆ ಕಣ್ಣನ್ನೂ ನೋಡಬೇಕು. ಬಿಳಿ ಮೈ, ಹಳದಿ ಮಚ್ಚೆ, ಕೆಂಪು ಕಣ್ಣು ಇದ್ದರೆ ಸಾಮಾನ್ಯವಾಗಿ ಅದು ಆಲ್ಬಿನೊ. ಕಪ್ಪು ಬಣ್ಣ ಕೊಡುವ ಮೆಲನಿನ್ ಅದರ ದೇಹದಲ್ಲಿ ತಯಾರಾಗುವುದಿಲ್ಲ. ಹಳದಿ ಬೇರೆ ವಸ್ತುವಿನಿಂದ ಬರುವುದರಿಂದ ಅದು ಉಳಿಯುತ್ತದೆ. ಅರ್ಧ ಹಾಲುಬಿಳುಪು, ಅರ್ಧ ಮಾಮೂಲಿ ಬಣ್ಣ, ಕಪ್ಪು ಕಣ್ಣು ಇದ್ದರೆ ಪೈಬಾಲ್ಡ್. ಕಂದು ತಿಳಿಯಾಗಿ ಹಳದಿ ಎದ್ದು ಕಂಡರೆ ಪಾಸ್ಟೆಲ್.

ಈಗೊಂದು ಒಗಟು. ತಂದೆ ಹಾವು ಮಾಮೂಲಿ ಬಣ್ಣದ್ದು, ತಾಯಿಯೂ ಮಾಮೂಲಿ. ಮೊಟ್ಟೆಯೊಡೆದು ಬಂದ ಮರಿ ಮಾತ್ರ ಆಲ್ಬಿನೊ! ಹೇಗೆ?

ಅಜ್ಜ ಅಜ್ಜಿಯರೇ, ಚೌಕಾಬಾರ ಆಡಲು ಹುಣಸೆ ಬೀಜವನ್ನು ಒಂದು ಬದಿ ಉಜ್ಜಿ ಬಿಳಿ ಮಾಡುತ್ತಿದ್ದಿರಲ್ಲ? ಅಂಥ ಎರಡು ಬೀಜ ಮಾಡಿಕೊಡಿ. ಒಂದು ತಂದೆಯದು, ಇನ್ನೊಂದು ತಾಯಿಯದು. ಮೆಲನಿನ್ ತಯಾರಿಸುವ ಜೀನ್, ಅಂದರೆ ವಂಶವಾಹಿ, ಮರಿಗೆ ಇಬ್ಬರಿಂದಲೂ ಒಂದೊಂದು ಪ್ರತಿ ಬರುತ್ತದೆ. ಬೀಜದ ಕಪ್ಪು ಬದಿ ಕೆಲಸ ಮಾಡುವ ಪ್ರತಿ, ಬಿಳಿ ಬದಿ ಕೆಲಸ ಮಾಡದ ಪ್ರತಿ.

ಎರಡನ್ನೂ ಒಟ್ಟಿಗೆ ಎಸೆಯಿರಿ. ಎರಡೂ ಬಿಳಿ ಬಿದ್ದರೆ ಆಲ್ಬಿನೊ ಮರಿ. ಎರಡೂ ಕಪ್ಪಾದರೆ ಮಾಮೂಲಿ ಮರಿ. ಒಂದು ಕಪ್ಪು, ಒಂದು ಬಿಳಿ ಬಿದ್ದರೂ ಮರಿ ನೋಡಲು ಮಾಮೂಲಿಯೇ. ಕೆಲಸ ಮಾಡುವ ಪ್ರತಿ ಒಂದಿದ್ದರೆ ಸಾಕು. ಆದರೆ ಅದರೊಳಗೆ ಬಿಳಿ ಅಡಗಿ ಕುಳಿತಿದೆ. ಒಗಟಿನ ತಂದೆ ತಾಯಿ ಇಬ್ಬರೂ ಇಂಥವರೇ!

40 ಸಲ ಎಸೆದು ಬರೆದಿಡಿ. ಹೆಚ್ಚುಕಡಿಮೆ 10 ಸಲ ಎರಡೂ ಬಿಳಿ, 10 ಸಲ ಎರಡೂ ಕಪ್ಪು, 20 ಸಲ ಮಿಶ್ರ ಬಂದೀತು. ಆದರೆ ಆರೇ ಸಲ ಎಸೆದರೆ? ಒಮ್ಮೆಯೂ ಎರಡೂ ಬಿಳಿ ಬೀಳದಿರಬಹುದು. ಆರು ಮೊಟ್ಟೆಗಳ ಕತೆಯೂ ಹಾಗೆಯೇ.

ಪಾಸ್ಟೆಲ್‌ನ ಲೆಕ್ಕ ಬೇರೆ. ಅದರ ಜೀನ್ ಅಡಗುವುದಿಲ್ಲ. ಒಂದು ಪ್ರತಿ ಬಂದರೂ ಬಣ್ಣ ಕಾಣುತ್ತದೆ. ಎರಡು ಬಂದರೆ ಬಣ್ಣ ಇನ್ನೂ ತಿಳಿಯಾಗಿ ‘ಸೂಪರ್ ಪಾಸ್ಟೆಲ್’ ಆಗುತ್ತದೆ.

ಆಲ್ಬಿನೊ ಜೀನ್ ಯಾವುದೆಂದು ಹುಡುಕಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದವರು ಹಾವು ಸಾಕುವವರಿಂದ ಹಾವು ಬಿಟ್ಟ ಪೊರೆಗಳನ್ನು ತರಿಸಿಕೊಂಡು ಪರೀಕ್ಷಿಸಿದರು. ಹಾವಿಗೆ ಒಂದು ಸೂಜಿಯನ್ನೂ ಚುಚ್ಚದೆ 2022ರಲ್ಲಿ ಉತ್ತರ ಪ್ರಕಟಿಸಿದರು.

ಬಣ್ಣದ ಆಸೆಗೆ ಬೆಲೆಯೂ ಇದೆ. ‘ಸ್ಪೈಡರ್’ ಎಂಬ ಮಾರ್ಫ್‌ನ ಮೈಮೇಲೆ ಜೇಡರ ಬಲೆಯಂಥ ಚೆಂದದ ಗೆರೆಗಳಿರುತ್ತವೆ. ಆದರೆ ಅದರ ತಲೆ ನಡುಗುತ್ತದೆ, ಒಮ್ಮೊಮ್ಮೆ ಮಗುಚಿಕೊಳ್ಳುತ್ತದೆ. ಒಳಕಿವಿ ಸರಿಯಾಗಿ ಬೆಳೆದಿರುವುದಿಲ್ಲ. ಗೆರೆಯನ್ನು ಉಳಿಸಿಕೊಂಡು ನಡುಕವನ್ನಷ್ಟೇ ತೆಗೆಯಲು ಸಾಕುವವರಿಗೆ ಸಾಧ್ಯವಾಗಿಲ್ಲ.

ಬೆಲೆ ತೆರುವುದು ಸ್ಪೈಡರ್ ಒಂದೇ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನೊಳಗೆ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳು ಸಿಕ್ಕವು. ಜೊತೆಗೆ ಕಾಳಿಂಗ ಸರ್ಪಗಳಿದ್ದವು. ಆರು ಪುಟ್ಟ ಕೋತಿಗಳು ಸತ್ತುಹೋಗಿದ್ದವು. ಬಣ್ಣದ ಹಾವನ್ನು ಕೊಳ್ಳುವವರು ಇರುವುದರಿಂದಲೇ ಕದ್ದು ಸಾಗಿಸುವವರೂ ಇದ್ದಾರೆ. ನಮಗೆ ಹಾವು ಬೇಡ ಮಕ್ಕಳೇ, ಬೀಜ ಸಾಕು. ನಿಮ್ಮ 40 ಎಸೆತಗಳ ಲೆಕ್ಕವನ್ನು ನಮಗೆ ಬರೆದು ಕಳಿಸಿ.